ಹಾಲಿಸನ ಅಂಗಿಯ ಸುಳ್ಳು ಗುಂಡಿಗಳು

ಹಾಲಿಸ್ ರ್ಯಾಟ್ಲಿಫ್ ನನ್ನ ಅಂಗಡಿಗೆ ಬಂದಾಗಲೆಲ್ಲ ಮೊದಲು ಕತ್ತೆತ್ತಿ ದೀಪ ನೋಡುತ್ತಿದ್ದ. ಮೂವತ್ತೆಂಟು ವರ್ಷ ಲೈನ್‌ಮ್ಯಾನ್ ಆಗಿ ಕಂಬ ಹತ್ತಿದವನ ಕಣ್ಣು ಯಾರ ಮನೆಗೆ ಹೋದರೂ ತಂತಿಯ ಕಡೆಗೇ ಹೋಗುತ್ತದೆ. ದೀಪ ಸರಿಯಿದ್ದರೆ ಸುಮ್ಮನೆ ಕುರ್ಚಿ ಎಳೆದುಕೊಳ್ಳುವನು, ಮಿಣುಕುತ್ತಿದ್ದರೆ ನನ್ನನ್ನು ಬೈದು ಎಳೆದುಕೊಳ್ಳುವನು. ನಮ್ಮ ಹಾರ್ಪರ್ಸ್ ಬೆಂಡ್ ಊರಿನಲ್ಲಿ ಅವನು ಹತ್ತದ ಕಂಬವಿಲ್ಲ, ನಾನು ಅಳತೆ ತೆಗೆಯದ ಸೊಂಟವಿಲ್ಲ. ನಾನು ನೋರೀನ್ ಟ್ಯಾಕೆಟ್. ಓಹಾಯೋ ನದಿಯ ಪಕ್ಕದ ಬೀದಿಯಲ್ಲಿ, ಔಷಧಿ ಅಂಗಡಿಗೆ ಅಂಟಿಕೊಂಡಂತೆ, ಬಟ್ಟೆ ಬಿಗಿ ಸಡಿಲ ಮಾಡಿಕೊಡುವ ಅಂಗಡಿ ನನ್ನದು.

ಅವನು ನನಗಿಂತ ಎಂಟು ವರ್ಷ ದೊಡ್ಡವನು, ನನ್ನ ಅಣ್ಣನ ಜೊತೆ ಓದಿದವನು. ಆಗಿನಿಂದಲೂ ನಮ್ಮಿಬ್ಬರದು ಸಲಿಗೆಯ ಮಾತು. ಅವನಿಗೆ ಒಂದು ಮದುವೆಯಾಗಿ ನಾಲ್ಕು ವರ್ಷಕ್ಕೆ ಮುಗಿದಿತ್ತು. ಬಿರುಗಾಳಿ ಬಂದ ಪ್ರತಿ ರಾತ್ರಿಯೂ ಗಂಡ ಕಂಬದ ಮೇಲಿದ್ದರೆ ತಾನು ಯಾರ ಜೊತೆ ಸಂಸಾರ ಮಾಡಲಿ ಎಂದು ಅವಳು ಹೊರಟುಹೋದಳಂತೆ. ಆಮೇಲೆ ಅವನಿಗೆ ಉಳಿದದ್ದು ಒಂದರ ಹಿಂದೊಂದು ಬೀಗಲ್ ನಾಯಿಗಳು ಮತ್ತು ಊರಾಚೆಯ ಬಂದೂಕು ಕ್ಲಬ್ಬು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಹೊಸಬರಿಗೆ ಗುರಿ ಹೇಳಿಕೊಟ್ಟವನು ಅವನೇ. ಈಗ ತರಬೇತಿ ನಡೆಸುವ ಟ್ರೆಂಟ್ ಮೇಬ್ರಿ ಕೂಡ ಹತ್ತು ವರ್ಷದವನಿದ್ದಾಗ ಹಾಲಿಸನ ಪಕ್ಕ ಮಂಡಿಯೂರಿ ಕಲಿತವನು.

ಅಂಗಿಯ ಕೆಳಗೆ ಪಿಸ್ತೂಲು ಇಟ್ಟುಕೊಂಡು ಓಡಾಡಲು ನಮ್ಮಲ್ಲಿ ಲೈಸೆನ್ಸು ಬೇಕು, ಲೈಸೆನ್ಸಿಗೆ ಈ ತರಬೇತಿ ಬೇಕು. ವರ್ಷಕ್ಕೆ ನಾಲ್ಕು ಸಲ ಟ್ರೆಂಟ್ ಅದನ್ನು ನಡೆಸುತ್ತಾನೆ. ಪ್ರತಿ ಸಲವೂ ಹೊಸಬರ ಕೈಗೆ ಪಿಸ್ತೂಲು ಕೊಡುವ ಮುಂಚೆ ಹಾಲಿಸ್ ಗುಂಡು ಹೊಡೆಯುವ ಗೆರೆಯ ಮುಂದೆ ನಿಂತು, ಅಂಗಿ ಸರಿಸಿ, ಪಿಸ್ತೂಲು ಸೆಳೆದು, ಏಳು ಗಜ ದೂರದ ಕಾಗದದ ತಟ್ಟೆಗೆ ಐದು ಗುಂಡು ಹೊಡೆದು ತೋರಿಸಬೇಕು. ಐದೂ ಒಂದು ಸಾಸರಿನಷ್ಟು ಜಾಗದಲ್ಲಿ ಬೀಳುತ್ತವೆ. ಆ ತಟ್ಟೆಯನ್ನು ತಾರೀಖು ಬರೆದು ಕ್ಲಬ್ಬಿನ ಕಾಫಿ ಪಾತ್ರೆಯ ಮೇಲಿನ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸುತ್ತಾರೆ. ಹಾಲಿಸನ ಆಸ್ತಿ ಏನು ಎಂದು ಯಾರಾದರೂ ಕೇಳಿದರೆ ನಾನು ಆ ತಟ್ಟೆ ತೋರಿಸುತ್ತಿದ್ದೆ.

ಆ ಅಕ್ಟೋಬರಿನ ತರಬೇತಿಗೆ ನಾನೂ ಹೆಸರು ಕೊಟ್ಟಿದ್ದೆ. ಆಗಸ್ಟಿನಲ್ಲಿ ಒಂದು ಸಂಜೆ, ಬಾಯಲ್ಲಿ ಆರು ಗುಂಡುಸೂಜಿ ಕಚ್ಚಿಕೊಂಡು ಮದುವೆ ಗೌನಿನ ಅಂಚು ಹಿಡಿಯುತ್ತಿದ್ದಾಗ ಯಾರೋ ಹಿಂಬಾಗಿಲ ಚಿಲಕ ಮುರಿದು ಒಳಗೆ ಬಂದ. ನನ್ನನ್ನು ನೋಡಿ ಅವನೂ ಬೆಚ್ಚಿದ, ನಾನೂ ಬೆಚ್ಚಿದೆ. ಸೂಜಿ ಬಾಯಲ್ಲಿದ್ದದ್ದರಿಂದ ಕಿರುಚಲೂ ಆಗಲಿಲ್ಲ. ಅವನು ಮೇಜಿನ ಮೇಲಿದ್ದ ರೇಡಿಯೋ ಎತ್ತಿಕೊಂಡು ಓಡಿದ. ರೇಡಿಯೋ ಹೋದರೆ ಹೋಗಲಿ, ನನ್ನ ನೆಮ್ಮದಿಯನ್ನೂ ಜೊತೆಗೆ ಹೊತ್ತುಕೊಂಡು ಹೋದ. ಅಂದಿನಿಂದ ಹಿಂದೆ ಎಲೆ ಅಲುಗಿದರೂ ಕತ್ತರಿ ಕೈಗೆ ಬರುತ್ತಿತ್ತು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಸೋಮವಾರ ಟ್ರೆಂಟನ ಪಟ್ಟಿ ಅಂಚೆಯಲ್ಲಿ ಬಂತು. ಗಟ್ಟಿ ಬೆಲ್ಟು. ಪಿಸ್ತೂಲಿನ ಕುದುರೆಗೆ, ಅಂದರೆ ಟ್ರಿಗರಿಗೆ, ಬೆರಳು ತಾಗದಂತೆ ಮುಚ್ಚಿರುವ, ಸೊಂಟದ ಒರೆ. ಕತ್ತು ಮುಚ್ಚುವ ಬನಿಯನ್, ಅದರ ಮೇಲೆ ಒಂದು ಅಳತೆ ದೊಡ್ಡದಾದ ಅಂಗಿ. ಮುಂದೆ ಚಾಚಿದ ಟೋಪಿ. ಬೆರಳು ಮುಚ್ಚುವ ಬೂಟು. ಪಿಸ್ತೂಲು ಖಾಲಿ ಇರಬೇಕು, ಪೆಟ್ಟಿಗೆಯಲ್ಲಿರಬೇಕು, ಗುಂಡು ಬೇರೆ ಚೀಲದಲ್ಲಿರಬೇಕು. ಮಂಗಳವಾರ ಹಾಲಿಸ್ ಬಂದು, ದೀಪ ನೋಡಿ, ನಾನು ಮೇಜಿನ ಮೇಲೆ ಹರವಿಟ್ಟ ಸಾಮಾನನ್ನು ಹೆಣ್ಣು ನೋಡಲು ಬಂದವನ ಹಾಗೆ ಸುತ್ತು ಹಾಕಿ ನೋಡಿದ.

“ಈ ಬೆಲ್ಟು ಎಲ್ಲಿಂದ ತಂದೆ?”

“ಪ್ಯಾಂಟಿನ ಜೊತೆ ಪುಕ್ಕಟೆ ಬಂತು.”

“ಪುಕ್ಕಟೆ ಬೆಲ್ಟು ಪ್ಯಾಂಟನ್ನೂ ಹಿಡಿಯಲ್ಲ, ಪಿಸ್ತೂಲನ್ನೂ ಹಿಡಿಯಲ್ಲ. ಬಿಸಾಕು. ಈ ಬನಿಯನ್ ಏನು, ಕತ್ತು ಇಷ್ಟು ಕೆಳಗೆ?”

“ಸೆಕೆ ಆಗುತ್ತೆ ಹಾಲಿಸ್. ನನ್ನ ವಯಸ್ಸು ನಿನಗೆ ಗೊತ್ತಿಲ್ವಾ?”

“ಗುಂಡು ಹಾರಿದ ಮೇಲೆ ಹಿತ್ತಾಳೆ ಕವಚ ಕಾದು ಕೆಂಡ ಆಗಿ ಪಕ್ಕಕ್ಕೆ ಹಾರುತ್ತೆ ಕಣಮ್ಮ. ಚರ್ಚಿನಲ್ಲಿ ಹಾಡ್ತಾಳಲ್ಲ ಆರ್ಡಿತ್, ಹೋದ್ಸಲ ಇಂಥದೇ ಹಾಕ್ಕೊಂಡು ಬಂದಿದ್ಲು. ಕವಚ ಸೀದಾ ಒಳಗೆ ಬಿತ್ತು. ಕೈಯಲ್ಲಿ ಪಿಸ್ತೂಲು ಹಿಡ್ಕೊಂಡೇ ಕುಣಿದ್ಲು. ನಾವೆಲ್ಲ ನೆಲಕ್ಕೆ ಬಿದ್ವಿ.”

ನನ್ನ ಅಂಗಡಿಯಲ್ಲಿ ಒಂದು ನಿಯಮವಿದೆ. ಅಳತೆ ಕೋಣೆಗೆ ನಿಜವಾದ ಬಂದೂಕು ತರುವಂತಿಲ್ಲ. ಅದಕ್ಕೆಂದೇ ಗೋಡೆಯ ಮೊಳೆಗೆ ನೀಲಿ ಪ್ಲಾಸ್ಟಿಕ್ಕಿನದೊಂದನ್ನು ತೂಗುಹಾಕಿದ್ದೇನೆ. ಊರಿನ ಅರ್ಧ ಜನ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಕನ್ನಡಿಯ ಮುಂದೆ ನಿಂತಿದ್ದಾರೆ. ಮೇಲಿನ ಅಟ್ಟದಿಂದ ಏನೋ ತೆಗೆಯುವವರಂತೆ ಕೈ ಎತ್ತಿಸಿ ನೋಡುತ್ತೇನೆ, ಅಂಗಿಯ ಅಂಚು ಮೇಲೇರಿ ಒರೆ ಇಣುಕಿದರೆ ಎರಡು ಇಂಚು ಉದ್ದ ಬಿಡುತ್ತೇನೆ. ಬಲಗಡೆಯ ಅಂಚಿನ ಮಡಿಕೆಯೊಳಗೆ ಗಾಳಕ್ಕೆ ಕಟ್ಟುವ ಸೀಸದ ತುಂಡು ಎರಡು ಇಟ್ಟು ಹೊಲಿಯುತ್ತೇನೆ. ಆ ಭಾರಕ್ಕೆ ಅಂಗಿ ಗಾಳಿಗೆ ಹಾರುವುದಿಲ್ಲ, ಕೈಯಿಂದ ಸರಿಸಿದರೆ ಹಿಂದಕ್ಕೆ ಬೀಸಿಕೊಂಡು ಹೋಗುತ್ತದೆ. ಎಷ್ಟೋ ಜನರಿಗೆ ಮಾಡಿಕೊಟ್ಟ ಕೆಲಸವನ್ನು ಅವತ್ತು ನನಗೇ ಮಾಡಿಕೊಂಡಾಗ ಹೊಲಿಗೆ ಮೂರು ಸಲ ಸೊಟ್ಟಗಾಯಿತು.

“ಈಗ ಆ ನೀಲಿದನ್ನ ಸಿಕ್ಕಿಸ್ಕೊಂಡು ದಿನಸಿ ಅಂಗಡಿವರೆಗೂ ಹೋಗಿ ಬಾ,” ಅಂದ ಹಾಲಿಸ್. “ಅಂಚೆ ಕಚೇರಿಗೆ ಮಾತ್ರ ಕಾಲಿಡಬೇಡ, ಅಲ್ಲಿ ಬಂದೂಕು ನಿಷೇಧ, ಪ್ಲಾಸ್ಟಿಕ್ಕಿಗೂ ಪ್ರಶ್ನೆ ಕೇಳ್ತಾರೆ. ಒಂದೇ ಮಾತು ನೆನಪಿರಲಿ, ಸೊಂಟ ಮುಟ್ಟಬೇಡ.”

ನಾನು ಹೋದೆ. ಅವನು ಬೀದಿಯ ಆಚೆ ಬದಿಯಲ್ಲಿ, ಕಂಬಗಳನ್ನು ನೋಡುವವನ ಹಾಗೆ ಮೇಲೆ ನೋಡುತ್ತ ಬಂದ. ದಿನಸಿ ಅಂಗಡಿಯಲ್ಲಿ ಬೀನ್ಸ್ ಡಬ್ಬಿಗಳ ಮುಂದೆ ನಿಂತರೆ ಎಲ್ಲರೂ ನನ್ನ ಬಲಮಗ್ಗುಲನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನದೂ ಅದೇ ಕಥೆ. ಬಾಗಿಲಲ್ಲಿ ರಾಶಿ ಹಾಕಿದ್ದ ನಿಜವಾದ ಕುಂಬಳಕಾಯಿಗಳೂ ನನ್ನನ್ನು ನೋಡಿ ನಗುತ್ತಿದ್ದಂತಿತ್ತು.

“ಆರು ಸಲ ಮುಟ್ಟಿದೆ,” ಅಂದ ಹಾಲಿಸ್, ವಾಪಸು ಬಂದ ಮೇಲೆ.

“ನಾಲ್ಕು.”

“ಆರು. ಚಿಲ್ಲರೆ ಎಣಿಸುವಾಗಲೇ ಎರಡು. ಮುಚ್ಚಿಟ್ಟಿದ್ದನ್ನ ಬಟ್ಟೆ ಬಿಟ್ಟುಕೊಡಲ್ಲ ನೋರೀನ್. ಕೈ ಬಿಟ್ಟುಕೊಡುತ್ತೆ.”

ಆ ಮಾತು ಹೇಳುವಾಗ ಅವನ ಬಲಗೈ ಕೋಟಿನ ಜೇಬಿನಲ್ಲಿತ್ತು. ಬೀದಿಯುದ್ದಕ್ಕೂ ಜೇಬಿನಲ್ಲೇ ಇತ್ತು. ನದಿಯ ಗಾಳಿ, ಚಳಿ ಇರಬೇಕು ಅಂದುಕೊಂಡೆ.

ಬುಧವಾರ ಅವನು ತನ್ನ ಬಟ್ಟೆಯ ಗಂಟು ತಂದು ಮೇಜಿನ ಮೇಲಿಟ್ಟ. ಅವನ ಅಂಗಿಗಳ ಕೆಲಸ ನನಗೆ ಹೊಸದಲ್ಲ. ಜುಲೈಯಿಂದ ಆರು ಅಂಗಿಗಳನ್ನು ಮಾಡಿಕೊಟ್ಟಿದ್ದೆ. ಗುಂಡಿ ತೂರಿಸುವ ಕಾಜಾಗಳನ್ನು ಹೊಲಿದು ಮುಚ್ಚಿ, ಅವುಗಳ ಮೇಲೆ ಗುಂಡಿಗಳನ್ನು ಬರಿಯ ತೋರಿಕೆಗೆ ಕೂರಿಸಿ, ಒಳಗಡೆ ಟಿಚ್ ಬಟನ್ ಹಾಕುವ ಕೆಲಸ. ನೋಡಿದವರಿಗೆ ಗುಂಡಿ ಹಾಕಿದ ಅಂಗಿ. ಆದರೆ ಒಂದು ಸಲ ಎಳೆದರೆ ಟಪಟಪನೆ ಬಿಚ್ಚಿಕೊಳ್ಳುತ್ತದೆ. ಅಂಗಿಯೊಳಗೆ ಪಿಸ್ತೂಲು ಇಡುವ ಶೆರಿಫ್ ಕಚೇರಿಯ ಪೊಲೀಸರು ಇಬ್ಬರು ಹೀಗೇ ಮಾಡಿಸಿಕೊಂಡಿದ್ದರು. “ಬೇಗ ತೆರೀಬೇಕು,” ಎಂದು ಹಾಲಿಸನೂ ಅದೇ ಕಾರಣ ಹೇಳಿದ್ದ. ನಾನೂ ನಂಬಿದ್ದೆ.

ಅವನು ಹೋದ ಮೇಲೆ ಗಂಟು ಬಿಚ್ಚಿದೆ. ಮೇಲೆ ಶನಿವಾರಕ್ಕೆಂದು ಹಸಿರು ಚಿಕ್ಕ ಚೌಕಳಿಯ ಅಂಗಿ. ಅದರ ಮೇಲೊಂದು ಚೀಟಿ: “ಮುಂಗೈಗೂ ಹಾಕು.” ಕೆಳಗೆ ಚರ್ಚಿಗೆ ಹಾಕುವ ಬಿಳಿ ಅಂಗಿ. ಅದರ ಕೆಳಗೆ, ನಾಲ್ಕು ಮಡಿಕೆಯಾಗಿ, ಪಟ್ಟೆ ಪಟ್ಟೆಯ ಮಲಗುವ ಅಂಗಿ.

ನಾನು ಅದನ್ನು ಮಡಿಲಿಗೆ ಎಳೆದುಕೊಂಡೆ. ಸೊಂಟದಲ್ಲಿರುವ ಪಿಸ್ತೂಲಿಗೂ ಮುಂಗೈಯ ಗುಂಡಿಗೂ ಏನು ಸಂಬಂಧ? ಹಾಸಿಗೆಯಲ್ಲಿ ಯಾವ ಒರೆ? ಅಂಗಿಯ ಹಳೆಯ ಕಾಜಾಗಳನ್ನು ಬೆಳಕಿಗೆ ಹಿಡಿದೆ. ಪ್ರತಿಯೊಂದರ ಸುತ್ತ ದಾರ ಕಿತ್ತು, ಬಟ್ಟೆ ಜಜ್ಜಿದಂತಾಗಿತ್ತು. ಗುಂಡಿ ಎಳೆದು ತುರುಕಿ, ತಪ್ಪಿ, ಮತ್ತೆ ತುರುಕಿದ ಗುರುತು ಅದು. ಇಂಥ ಕಾಜಾಗಳನ್ನು ನಾನು ಮೊದಲು ನೋಡಿದ್ದೇನೆ, ಪಾರ್ಶ್ವವಾಯು ಹೊಡೆದ ಒಬ್ಬ ಹೆಂಗಸಿನ ರವಿಕೆಯಲ್ಲಿ.

ಗುರುವಾರ ಅವನು ಬಂದಾಗ ನಾನು ಬೇಕೆಂದೇ ಕಾಫಿಯನ್ನು ಬಟ್ಟಲಿನ ತುಂಬ ಹಾಕಿ ಕೈಗೆ ಕೊಟ್ಟೆ. ಕೆಟ್ಟ ಬುದ್ಧಿ, ಒಪ್ಪುತ್ತೇನೆ. ಅವನು ಎಡಗೈ ಚಾಚಿದ.

“ಬಲಗೈಗೆ ಏನಾಗಿದೆ?”

“ಏನಾಗಿದೆ? ಏನೂ ಇಲ್ಲ.”

“ಸೊಂಟದ ಪಿಸ್ತೂಲಿಗೆ ಮುಂಗೈ ಗುಂಡಿ ಯಾಕೆ ಹಾಲಿಸ್? ಹೋಗ್ಲಿ, ರಾತ್ರಿ ಯಾರ ಮೇಲೆ ಸೆಳೀತೀಯ, ನಾಯಿ ಮೇಲಾ?”

“ಹೊಲಿಯೋದು ನಿನ್ನ ಕೆಲಸ. ತನಿಖೆ ಮಾಡೋದಲ್ಲ.”

ನಾನು ಆ ಮಲಗುವ ಅಂಗಿಯನ್ನು ಅವನ ಮುಂದೆ ಹರವಿದೆ. ಅವನೇ ಸೋತು, ಬಲಗೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಉಜ್ಜುತ್ತಿದ್ದವು, ಸೂಜಿಗೆ ಪೋಣಿಸುವ ಮುಂಚೆ ದಾರದ ತುದಿ ಹೊಸೆಯುತ್ತೇವಲ್ಲ, ಹಾಗೆ. ಅವನು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದ.

“ಸುಮ್ನಿದ್ದಾಗ ಮಾತ್ರ ಕುಣಿಯುತ್ತೆ,” ಅಂದ. “ಕೆಲಸಕ್ಕೆ ಹಚ್ಚಿದ್ರೆ ನಿಲ್ಲುತ್ತೆ. ಪಿಸ್ತೂಲು ಹಿಡಿದ್ರೆ ಕಲ್ಲು. ಮನೇಲಿ ಖಾಲಿ ಪಿಸ್ತೂಲಲ್ಲಿ ದಿನಾ ನೂರು ಸಲ ಸೆಳೆದು ನೋಡ್ತಿದೀನಿ.”

“ಗುಂಡಿ ಹಾಕ್ಕೊಳ್ಳೋದು ಕೆಲಸ ಅಲ್ವಾ?”

ಅವನು ಎದ್ದು ಕಿಟಕಿಯ ತನಕ ಹೋದ, ಬಾಗಿಲ ತನಕ ಹೋದ, ನನ್ನ ದಾರದ ಉಂಡೆಗಳನ್ನು ಸುಮ್ಮನೆ ಜೋಡಿಸಿದ, ಮತ್ತೆ ಕೆಡಿಸಿದ.

“ನೂರರಲ್ಲಿ ಎಷ್ಟು ಸಲ ಸರಿ ಬರುತ್ತೆ?” ಎಂದು ಕೇಳಿದೆ.

“ತೊಂಬತ್ತು.”

“ಉಳಿದ ಹತ್ತು?”

“ಶನಿವಾರ ಒಂದು ಕಳೀಲಿ ನೋರೀನ್. ಇದೊಂದು ಸಲ. ಸೋಮವಾರ ಡಾಕ್ಟರ ಹತ್ರ ಹೋಗ್ತೀನಿ, ನೀನೇ ಕಾರಲ್ಲಿ ಕೂರಿಸ್ಕೊಂಡು ಹೋಗು. ಟ್ರೆಂಟಿಗೆ ಮಾತ್ರ ಹೇಳಬೇಡ. ನೀನು ಯಾರ ಮೈ ಗುಟ್ಟನ್ನೂ ಹೊರಗೆ ಹಾಕಿದವಳಲ್ಲ. ಮಾತು ಕೊಡು.”

ಅದು ನಿಜ. ಈ ಊರಿನಲ್ಲಿ ಯಾರ ಎದೆ ಆಪರೇಷನ್ನಿನಲ್ಲಿ ಹೋಗಿದೆ, ಯಾರ ಹೊಟ್ಟೆಗೆ ಚೀಲ ಕಟ್ಟಿದ್ದಾರೆ, ಯಾವ ಮದುಮಗಳ ಗೌನನ್ನು ಎರಡು ತಿಂಗಳಲ್ಲಿ ಮೂರು ಸಲ ಸಡಿಲ ಮಾಡಿದ್ದೇನೆ, ಎಲ್ಲ ನನಗೆ ಗೊತ್ತು. ಒಂದೂ ಬಾಗಿಲು ದಾಟಿಲ್ಲ. ಅದೇ ಹೆಮ್ಮೆಯಲ್ಲಿ ಮಾತು ಕೊಟ್ಟುಬಿಟ್ಟೆ. ಅವನು ಹೊರಗೆ ಹೋಗಿ ಬಾಗಿಲು ಮುಚ್ಚುವಷ್ಟರಲ್ಲೇ ನನಗೆ ನನ್ನ ಮೇಲೆ ಸಿಟ್ಟು ಬಂತು. ಚೀಲ ಕಟ್ಟಿಕೊಂಡವರು ಯಾರ ಪಕ್ಕದಲ್ಲೂ ಗುಂಡು ತುಂಬಿದ ಪಿಸ್ತೂಲು ಸೆಳೆಯುವುದಿಲ್ಲವಲ್ಲ!

ಶುಕ್ರವಾರ ಇಡೀ ಆ ಮಾತು ಬಾಯಲ್ಲಿ ಬಿಸಿ ತುಪ್ಪವಾಗಿ ಕೂತಿತು, ನುಂಗಲೂ ಆಗದು, ಉಗುಳಲೂ ಆಗದು. ಹತ್ತರಲ್ಲಿ ಒಂದು ಸಲ ತಪ್ಪುವ ಕೈ. ಹಿಂದೆ ನಾವು ಆರು ಜನ. ತಪ್ಪಿದರೆ ಅವನ ತೊಡೆ, ಅವನ ಕಾಲು. ಬೆಳಿಗ್ಗೆ ಹನ್ನೊಂದಕ್ಕೆ ಧೈರ್ಯ ಮಾಡಿ ಟ್ರೆಂಟಿಗೆ ಫೋನು ಮಾಡಿದೆ.

“ಹೇಳಿ ಮಿಸ್ ನೋರೀನ್.”

“ಟ್ರೆಂಟ್, ಅದು… ಟೋಪಿ. ಟೋಪಿ ಮುಂದೆ ಎಷ್ಟು ಚಾಚಿರಬೇಕು?”

ಅವನು ಪಾಪ, ಹತ್ತು ನಿಮಿಷ ಟೋಪಿಯ ಬಗ್ಗೆ ಹೇಳಿದ. ಕವಚ ಹಾರಿ ಕನ್ನಡಕದ ಒಳಗೆ ಬೀಳದಿರಲು ಟೋಪಿ ಹೇಗಿರಬೇಕು, ಕಿವಿಕವಚದ ಪಟ್ಟಿ ಟೋಪಿಯ ಮೇಲೆ ಹೇಗೆ ಕೂರಬೇಕು. ನಾನು ಹೂಂ ಹೂಂ ಎಂದು ಫೋನಿಟ್ಟು, ಆ ಟೋಪಿಯನ್ನು ಗೋಡೆಗೆ ಎಸೆದೆ.

ಮಧ್ಯಾಹ್ನ ಇನ್ನೊಂದು ಬುದ್ಧಿ ಹೊಳೆಯಿತು. ಹಸಿರು ಅಂಗಿ ನನ್ನ ಕೈಯಲ್ಲೇ ಇದೆ. ಕೆಳಗಿನ ಎರಡು ಟಿಚ್ ಬಟನ್ ಬಿಟ್ಟು ಅಲ್ಲಿ ಗಟ್ಟಿ ದಾರದಲ್ಲಿ ಹೊಲಿದುಬಿಟ್ಟರೆ ಅಂಗಿ ಬಿಚ್ಚುವುದೇ ಇಲ್ಲ. ಪಿಸ್ತೂಲು ಹೊರಗೆ ಬರುವುದೇ ಇಲ್ಲ. ಜನ ನನ್ನ ಹೊಲಿಗೆಯನ್ನು ಬೈದು ನಗುತ್ತಾರೆ, ಅಷ್ಟೇ. ಹೊಲಿದೆ ಕೂಡ. ಆಮೇಲೆ ನೀಲಿ ಪ್ಲಾಸ್ಟಿಕ್ಕನ್ನು ಸಿಕ್ಕಿಸಿಕೊಂಡು, ಆ ಅಂಗಿಯನ್ನೇ ತೊಟ್ಟು, ಕನ್ನಡಿಯ ಮುಂದೆ ಎಳೆದು ನೋಡಿದೆ. ಅಂಗಿ ಅರ್ಧ ಬಿಚ್ಚಿ, ಬಟ್ಟೆ ಮುದುಡಿ, ಪಿಸ್ತೂಲಿನ ಹಿಡಿಗೂ ನನ್ನ ಬೆರಳಿಗೂ ನಡುವೆ ಸಿಕ್ಕಿಕೊಂಡಿತು. ನಾನು ತಡೆಯಲು ಹೊರಟದ್ದನ್ನು ನನ್ನ ಕೈಯಾರೆ ಹೊಲಿಯುತ್ತಿದ್ದೆ. ಕೂತು ಒಂದೊಂದೇ ಹೊಲಿಗೆ ಬಿಚ್ಚಿ, ಟಿಚ್ ಬಟನ್ನುಗಳನ್ನು ಎಷ್ಟು ನಯವಾಗಿ ಸಾಧ್ಯವೋ ಅಷ್ಟು ನಯವಾಗಿ ಕೂರಿಸಿದೆ. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ಕೆಲಸ ಅಷ್ಟು ಬೇಸರದಿಂದ ಮಾಡಿಲ್ಲ.

ಶನಿವಾರ ಬೆಳಿಗ್ಗೆ ಕ್ಲಬ್ಬಿನ ಹಜಾರದಲ್ಲಿ ನಾವು ಆರು ಜನ ಮಡಿಸುವ ಕುರ್ಚಿಗಳಲ್ಲಿ ಕೂತೆವು. ಕಾಫಿ ಪಾತ್ರೆಯ ಮೇಲೆ ಜುಲೈನ ತಟ್ಟೆ. ನಾನು ಹತ್ತಿರ ಹೋಗಿ ನೋಡಿದೆ. ನಾಲ್ಕು ತೂತು ಒಟ್ಟಿಗಿದ್ದವು, ಐದನೆಯದು ತಟ್ಟೆಯ ಅಂಚನ್ನು ಹರಿದಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲವೋ, ಗಮನಿಸಿಯೂ ಸುಮ್ಮನಿದ್ದರೋ ಗೊತ್ತಿಲ್ಲ.

ಟ್ರೆಂಟ್ ಕಾನೂನು ಹೇಳಿ ಮುಗಿಸಿದ ಮೇಲೆ ಹಾಲಿಸ್ ಎದ್ದು ನಿಂತು, ಇಪ್ಪತ್ತೆರಡು ವರ್ಷದಿಂದ ಹೇಳುವ ಮಾತು ಹೇಳಿದ.

“ಗೆರೆಯ ಮೇಲೆ ದೊಡ್ಡವರು ಚಿಕ್ಕವರು ಇಲ್ಲ. ತಪ್ಪು ಕಂಡ್ರೆ ಯಾರು ಬೇಕಾದ್ರೂ ‘ನಿಲ್ಲಿಸಿ’ ಅಂತ ಕೂಗಬಹುದು. ಇವತ್ತೇ ಮೊದಲ ಸಲ ಬಂದೋರೂ ಕೂಗಬಹುದು. ಕೂಗಿದ ತಕ್ಷಣ ಎಲ್ಲರೂ ಕಲ್ಲಾಗಬೇಕು. ಮೊದಲು ನಿಲ್ಲೋದು, ಆಮೇಲೆ ಕಾರಣ ಕೇಳೋದು. ತಪ್ಪಾಗಿ ಕೂಗಿದ್ದಕ್ಕೆ ಇಲ್ಲಿ ಯಾರನ್ನೂ ಬೈದಿಲ್ಲ. ಕೂಗದೇ ಇದ್ದೋರನ್ನ ಬೈದಿದೀನಿ.”

ಅವನು ನನ್ನ ಕಡೆ ನೋಡಲಿಲ್ಲ. ನಾನು ಬೂಟಿನ ಲೇಸು ನೋಡುತ್ತಿದ್ದೆ.

ಮಧ್ಯಾಹ್ನ ಬೀನ್ಸ್ ಸೂಪು, ಜೋಳದ ಬ್ರೆಡ್ಡು. ಆಮೇಲೆ ಎಲ್ಲರೂ ಹೊರಗೆ ಬಂದೆವು. ನಮ್ಮ ಪಿಸ್ತೂಲುಗಳು ಇನ್ನೂ ಪೆಟ್ಟಿಗೆಯಲ್ಲಿ, ಮೇಜಿನ ಮೇಲೆ. ನಾವು ಹಳದಿ ಗೆರೆಯ ಹಿಂದೆ. ಎಲ್ಲರ ಕಿವಿಗೂ ಕವಚ. ಹಾಲಿಸನದು ಮಾತ್ರ ಬ್ಯಾಟರಿಯದು. ಅದರಲ್ಲಿ ಪಿಸುಮಾತೂ ದೊಡ್ಡದಾಗಿ ಕೇಳುತ್ತದೆ, ಗುಂಡಿನ ಸದ್ದನ್ನು ಮಾತ್ರ ಅದು ಅದುಮಿಬಿಡುತ್ತದೆ. ಹೊಸಬರು ಹಿಂದೆ ನಿಂತು ಗೊಣಗುವುದೆಲ್ಲ ತನಗೆ ಕೇಳಿಸುತ್ತದೆ ಎಂದು ಅವನು ಯಾವಾಗಲೂ ಹೆದರಿಸುತ್ತಿದ್ದ.

ಅವನು ಗುಂಡು ತುಂಬಿದ. ಪಿಸ್ತೂಲನ್ನು ನಿಧಾನವಾಗಿ ಒರೆಗೆ ಇಳಿಸಿ, ಅಂಗಿಯ ಟಿಚ್ ಬಟನ್ನುಗಳನ್ನು ಒತ್ತಿ ಮುಚ್ಚಿದ. ಕೈ ಪಕ್ಕಕ್ಕೆ ಇಳಿಯಿತು. ಇಳಿದ ತಕ್ಷಣ ಆ ಎರಡು ಬೆರಳು ದಾರ ಹೊಸೆಯತೊಡಗಿದವು. ನನ್ನ ಪಕ್ಕದಲ್ಲಿದ್ದ ಬೇಕರಿಯವಳು ನೋಡಿದಳೋ ಇಲ್ಲವೋ, ನನಗಂತೂ ಈ ಲೋಕದಲ್ಲಿ ಆ ಎರಡು ಬೆರಳು ಬಿಟ್ಟು ಬೇರೇನೂ ಕಾಣಲಿಲ್ಲ.

“ಸಿದ್ಧ?” ಅಂದ ಟ್ರೆಂಟ್.

ಹಾಲಿಸ್ ತಲೆಯಾಡಿಸಿದ. ಅಂಗಿ ಎಳೆದ. ಟಪಟಪ ಎಂದು ನಾನು ಹಾಕಿದ ಬಟನ್ನುಗಳು ಒಂದೂ ತಪ್ಪದೆ ಬಿಚ್ಚಿಕೊಂಡವು. ಸೀಸದ ಭಾರಕ್ಕೆ ಅಂಚು ಹಿಂದಕ್ಕೆ ಬೀಸಿತು. ಕೈ ಪಿಸ್ತೂಲಿನ ಹಿಡಿಯ ಮೇಲೆ ಕೂತಿತು. ಮತ್ತೆ ಕೂತೇ ಇತ್ತು. ಪಿಸ್ತೂಲು ಮೇಲೇಳಲಿಲ್ಲ. ಬೆರಳುಗಳು ಹಿಡಿಯ ಮೇಲೆ ನಡುಗುತ್ತಿದ್ದವು, ಮೊಣಕೈ ತನಕ ನಡುಕ ಹತ್ತಿತು. ಒಂದು, ಎರಡು, ಮೂರು. ಕೊಟ್ಟ ಮಾತು ಹಾಳಾಗಿ ಹೋಗಲಿ ಎಂದು ನಾನು ಎದೆ ತುಂಬ ಉಸಿರೆಳೆದು ಬಾಯಿ ತೆರೆದೆ.

“ನಿಲ್ಲಿಸಿ!”

ಅದು ನನ್ನ ದನಿಯಲ್ಲ.

ನಾವೆಲ್ಲ ಕಲ್ಲಾದೆವು. ಟ್ರೆಂಟ್ ಮೊದಲು ಗುರಿಯ ಹಿಂದಿನ ಮಣ್ಣಿನ ದಿಬ್ಬ ನೋಡಿದ, ಜಿಂಕೆಯೋ ಮನುಷ್ಯನೋ ಬಂದಿರಬೇಕೆಂದು. ಆಮೇಲೆ ನಮ್ಮ ಕೈಗಳನ್ನು ನೋಡಿದ.

“ಎಲ್ಲಿ? ಏನಾಯ್ತು ಮಿಸ್ಟರ್ ಹಾಲಿಸ್? ಯಾರು?”

“ನಾನು,” ಅಂದ ಹಾಲಿಸ್. ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಎತ್ತಿದ್ದ. ಬಲಗೈ ಎಲ್ಲರ ಕಣ್ಣಿಗೂ ಕಾಣುವಂತೆ ಕುಣಿಯುತ್ತಿತ್ತು. “ಕೈ ಮೇಲಿದೆ. ಪಿಸ್ತೂಲು ಒರೇಲಿದೆ, ಗುಂಡು ತುಂಬಿದೆ. ನೀನು ಬಂದು ತೆಗಿ ಮಗಾ. ನನ್ನ ಕೈ ಸರಿ ಇಲ್ಲ.”

ಇಪ್ಪತ್ತೆರಡು ವರ್ಷದಲ್ಲಿ ಹಾಲಿಸ್ ತನ್ನ ಒರೆಯನ್ನು ಯಾರಿಗೂ ಮುಟ್ಟಲು ಬಿಟ್ಟವನಲ್ಲ. ಟ್ರೆಂಟ್, ನಾಲ್ಕು ಹೆಜ್ಜೆಗೆ ನಾಲ್ಕು ವರ್ಷ ಹಿಡಿಸಿದವನಂತೆ ನಡೆದು ಬಂದು, ಪಿಸ್ತೂಲು ತೆಗೆದ. ಗುಂಡುಗಳನ್ನು ಖಾಲಿ ಮಾಡಿ ಮೇಜಿನ ಮೇಲಿಟ್ಟ. ನನ್ನ ಕಣ್ಣಲ್ಲಿ ನೀರು ಬಂದು ಟೋಪಿ ಎಷ್ಟು ಚಾಚಿದ್ದರೂ ಮುಚ್ಚಲಾಗಲಿಲ್ಲ.

“ಏನು ಶವಯಾತ್ರೆಗೆ ಬಂದಿದೀರಾ?” ಅಂದ ಹಾಲಿಸ್. “ತಟ್ಟೆ ಕಾಯ್ತಿದೆ. ಟ್ರೆಂಟ್, ಹೊಡಿ.”

ಟ್ರೆಂಟ್ ಹೊಡೆದ. ನಾಲ್ಕು ತಟ್ಟೆಗೆ ಬಿದ್ದವು.

“ಐದನೇದು ಎಲ್ಲೋಯ್ತು, ನದಿ ದಾಟಿ ಕೆಂಟಕಿಗಾ?” ಅಂದ ಹಾಲಿಸ್. ಆಗ ನಾವೆಲ್ಲ ಒಟ್ಟಿಗೆ ಉಸಿರು ಬಿಟ್ಟೆವು.

ನನ್ನ ಸರದಿ ಬಂದಾಗ ಅವನು ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನನ್ನ ಹಿಂದೆ ನಿಂತಿದ್ದ. “ಸೊಂಟ ಮುಟ್ಟಬೇಡ. ಉಸಿರು ಬಿಡು. ನಿಧಾನ ಕಣಮ್ಮ, ರೇಡಿಯೋ ಕಳ್ಳ ಏನೂ ಎದುರಿಗಿಲ್ಲ.” ಐವತ್ತು ಗುಂಡಿನಲ್ಲಿ ನಲವತ್ತೊಂದು ನೆಟ್ಟಗೆ ಬಿದ್ದವು. ಪಾಸಾದೆ.

ಸೋಮವಾರ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದೆ. ಅಲ್ಲಿ ಏನು ಹೇಳಿದರು ಎಂಬುದು ಅವನ ಮೈಯ ಮಾತು, ನನ್ನ ಬಾಗಿಲು ದಾಟುವುದಿಲ್ಲ. ವಾಪಸು ಬಂದು ಅಂಗಡಿಯಲ್ಲಿ ಕೂತಾಗ, ಎರಡು ದಿನದಿಂದ ಎದೆಯಲ್ಲಿದ್ದದ್ದನ್ನು ಹೇಳಿಬಿಟ್ಟೆ.

“ನಾನು ಕೂಗೋಳಿದ್ದೆ ಹಾಲಿಸ್. ಮಾತು ಮುರಿಯೋಳಿದ್ದೆ.”

“ಗೊತ್ತು. ನೀನು ಉಸಿರೆಳೆದಿದ್ದು ಕಿವಿಕವಚದಲ್ಲಿ ಬಿರುಗಾಳಿ ಥರ ಕೇಳಿಸ್ತು,” ಅಂದ. “ನಲವತ್ತು ವರ್ಷ ಯಾರ ಗುಟ್ಟನ್ನೂ ಬಿಟ್ಟುಕೊಡದವಳು ನನ್ನಿಂದ ಮಾತು ಮುರಿಯೋ ಹಾಗಾಗಬಾರದು ಅನ್ನಿಸ್ತು. ಅದಕ್ಕೆ ಮೊದಲು ನಾನೇ ಕೂಗಿದೆ.”

ಅವನು ಜೊತೆಗೆ ತಂದಿದ್ದ ಗಂಟು ಬಿಚ್ಚಿ ಎಂಟು ಅಂಗಿಗಳನ್ನೂ ಆ ಪಟ್ಟೆಯ ಮಲಗುವ ಅಂಗಿಯನ್ನೂ ಮೇಜಿನ ಮೇಲಿಟ್ಟ.

“ಟಿಚ್ ಬಟನ್ ಇರಲಿ, ಅನುಕೂಲ. ಮೇಲಿರೋ ಈ ಸುಳ್ಳು ಗುಂಡಿಗಳನ್ನ ಕಿತ್ತುಬಿಡು.”

“ಎಲ್ಲದರದ್ದೂ?”

“ಎಲ್ಲದರದ್ದೂ.”

ಹಸಿರು ಅಂಗಿಯಿಂದ ಶುರು ಮಾಡಿದೆ. ಒಂದೊಂದನ್ನೇ ಕತ್ತರಿಸುತ್ತ ಹೋದಂತೆ ಅವನು ಮೇಜಿನ ಮೇಲೆ ಬಲಗೈ ಅಂಗೈ ಮೇಲಾಗಿ ಚಾಚಿದ, ನಾನು ಅದರಲ್ಲಿ ಹಾಕುತ್ತ ಹೋದೆ. ಎದೆಯವು ಏಳು, ಮುಂಗೈಯವು ಎರಡು. ಅವನ ಅಂಗೈಯಲ್ಲಿ ಅವು ಸಣ್ಣಗೆ ಗಲ ಗಲ ಅನ್ನುತ್ತಿದ್ದವು. ಆಗ ಬಾಗಿಲು ತೆರೆದು ಬೇಕರಿಯವಳು ಒಳಗೆ ಬಂದಳು. ಹಾಲಿಸ್ ಕೈಯನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ.